ಕಾಲಿಗೆ ಕೂಲಿ ಕೇಳಿದ ಕಲ್ಲುಕುಟಿಗ



2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೀತು. ರಿಷಭ್ ಪಂತ್ 27 ಕೋಟಿ ರೂಪಾಯಿಗೆ ಲಖನೌ ತಂಡದ ಪಾಲಾದರು. ನಾವು ಟಿವಿಯವರು ಆ ಅಂಕಿಯನ್ನು ಪರದೆಯ ಮೇಲೆ ಓಡಿಸಿದ್ದೇ ಓಡಿಸಿದ್ದು. ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು. 'ಇಷ್ಟೊಂದು ದುಡ್ಡಾ?' ಅಂತ ಬಾಯಿ ಬಿಟ್ಟವರು ಬಹಳ ಜನ. ಆದರೆ 'ಆಟ ಆಡೋದಕ್ಕೆ ದುಡ್ಡು ಯಾಕ್ರೀ ಕೊಡಬೇಕು?' ಅಂತ ಒಬ್ಬರಾದರೂ ಕೇಳಿದರಾ? ಇಲ್ಲ. ಆ ಪ್ರಶ್ನೆಯೇ ಸತ್ತು ಹೋಗಿದೆ.

ಆ ಪ್ರಶ್ನೆ ತಾನಾಗಿ ಸಾಯಲಿಲ್ಲ ವೀಕ್ಷಕರೇ. ಅದನ್ನು ಸಾಯಿಸಿದವರಿದ್ದಾರೆ. ಅವರಲ್ಲಿ ಒಬ್ಬ, ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದ ಒಬ್ಬ ಕಲ್ಲುಕುಟಿಗ. ಹೆಸರು ಫರ್ಗಸ್ ಸೂಟರ್. ಆತ ಗೋಲು ಹೊಡೆದು ಹೆಸರು ಮಾಡಿದವನಲ್ಲ. ಗೋಲು ಆಗದಂತೆ ತಡೆಯುವ ಜಾಗದಲ್ಲಿ ನಿಂತವನು, ಅಂದರೆ ಫುಲ್‌ಬ್ಯಾಕ್. ಇವತ್ತಿನ ಭಾಷೆಯಲ್ಲಿ ಡಿಫೆಂಡರ್. ಜಗತ್ತಿನ ಮೊದಲ ವೃತ್ತಿಪರ ಫುಟ್‌ಬಾಲ್ ಆಟಗಾರ ಯಾರು ಅನ್ನೋ ಚರ್ಚೆ ಬಂದಾಗಲೆಲ್ಲ ಈತನ ಹೆಸರು ಬಂದೇ ಬರುತ್ತದೆ. ಈತನಿಗಿಂತ ಮುಂಚೆ, 1876ರಲ್ಲೇ, ಜೇಮ್ಸ್ ಲ್ಯಾಂಗ್ ಅನ್ನೋ ಇನ್ನೊಬ್ಬ ಸ್ಕಾಟ್ ಶೆಫೀಲ್ಡ್‌ಗೆ ಹೋಗಿದ್ದ. ಹಡಗು ಕಟ್ಟೆಯ ಅಪಘಾತದಲ್ಲಿ ಒಂದು ಕಣ್ಣು ಕಳಕೊಂಡವನು. ಹೆಸರಿಗೆ ಚಾಕು ಕಾರ್ಖಾನೆಯಲ್ಲಿ ನೌಕರಿ, ಕೆಲಸ ಮಾತ್ರ ಫುಟ್‌ಬಾಲ್. ಮೊದಲಿಗ ಯಾರು ಅನ್ನೋದು ಮುಖ್ಯ ಅಲ್ಲ. ಆದರೆ ಯಾರ ಹೆಸರಿನಲ್ಲಿ ಊರು ಊರುಗಳೇ ಜಗಳಕ್ಕೆ ನಿಂತವು ಅಂದರೆ, ಅದು ಸೂಟರ್.

1857ರ ನವೆಂಬರ್ 21ರಂದು ಗ್ಲಾಸ್ಗೋದಲ್ಲಿ ಹುಟ್ಟಿದ ಹುಡುಗ. ಕಲ್ಲು ಕೆತ್ತೋದು ಕಸುಬು. ಬಿಡುವಿದ್ದಾಗ ಪಾರ್ಟಿಕ್ ಅನ್ನೋ ಕ್ಲಬ್ಬಿಗೆ ಆಡುತ್ತಿದ್ದ. ಈ ಪಾರ್ಟಿಕ್ ಸಾಮಾನ್ಯ ಜಾಗ ಅಲ್ಲ. 1872ರ ನವೆಂಬರ್ 30ರಂದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದು ಅಲ್ಲೇ, ಒಂದು ಕ್ರಿಕೆಟ್ ಮೈದಾನದಲ್ಲಿ. ಫಲಿತಾಂಶ 0-0. ಗೋಲಿಲ್ಲದ ಪಂದ್ಯ, ಆದರೆ ಎರಡು ದೇಶಗಳ ಆಟದ ವ್ಯತ್ಯಾಸ ಅಲ್ಲಿ ಕಂಡಿತು. ಇಂಗ್ಲಿಷರ ಆಟ ಹೇಗಿತ್ತು ಗೊತ್ತಾ? ಚೆಂಡು ಸಿಕ್ಕವನು ತಲೆ ತಗ್ಗಿಸಿ ಒಬ್ಬನೇ ನುಗ್ಗೋದು, ಉಳಿದವರು ಹಿಂದೆ ಗುಂಪಾಗಿ ಓಡೋದು, ಎದುರಾದವನಿಗೆ ಭುಜ ಕೊಟ್ಟು ಕೆಡವೋದು. ಸ್ಕಾಟ್‌ಗಳು ಮೈಕಟ್ಟಿನಲ್ಲಿ ಸಣ್ಣವರು. ಭುಜಕ್ಕೆ ಭುಜ ಕೊಟ್ಟರೆ ಸೋಲು ಖಂಡಿತ. ಹಾಗಾಗಿ ಅವರು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಶುರು ಮಾಡಿದರು. ಇವತ್ತು ನಾವು ಪಾಸಿಂಗ್ ಅಂತೀವಲ್ಲ, ಅದು.

ಇಲ್ಲಿ ಡಿಫೆಂಡರ್‌ನ ಕೆಲಸ ಏನು ಅಂತ ಸ್ವಲ್ಪ ತಿಳಕೊಳ್ಳಬೇಕು. ಆಗಿನ ತಂಡದಲ್ಲಿ ಗೋಲ್‌ಕೀಪರ್ ಮುಂದೆ ಇಬ್ಬರೇ ಫುಲ್‌ಬ್ಯಾಕ್. ಉಳಿದವರೆಲ್ಲ ಮುಂದೆ. ಆಫ್‌ಸೈಡ್ ನಿಯಮವೂ ಬೇರೆ ಇತ್ತು. ಎದುರಾಳಿ ಪಾಸ್ ಪಡೆಯಬೇಕಾದರೆ ಅವನಿಗೂ ಗೋಲಿಗೂ ನಡುವೆ ಕನಿಷ್ಠ ಮೂವರು ಇರಬೇಕು. ಅಂದರೆ ಬುದ್ಧಿವಂತ ಫುಲ್‌ಬ್ಯಾಕ್ ಒಬ್ಬ ಎಲ್ಲಿ ನಿಂತ ಅನ್ನೋದರ ಮೇಲೆ ಇಡೀ ಪಂದ್ಯ ತಿರುಗುತ್ತಿತ್ತು. ಬರೀ ಚೆಂಡನ್ನು ಆಕಾಶಕ್ಕೆ ಒದ್ದು ಕಳಿಸುವವನು ಒಂದು ಬಗೆ. ಚೆಂಡು ತಡೆದು, ತಲೆ ಎತ್ತಿ ನೋಡಿ, ತನ್ನವನ ಕಾಲಿಗೆ ಸರಿಯಾಗಿ ಕೊಡುವವನು ಇನ್ನೊಂದು ಬಗೆ. ಸ್ಕಾಟ್ಲೆಂಡ್‌ನ ಆಟ ಕಲಿತು ಬಂದ ಸೂಟರ್ ಎರಡನೇ ಬಗೆಯವನು. ಅಂಥವನ ಬೆಲೆ ಇಂಗ್ಲೆಂಡಿನ ಕ್ಲಬ್ಬುಗಳಿಗೆ ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ.

1878ರ ಹೊಸ ವರ್ಷದ ಹೊತ್ತಿಗೆ ಪಾರ್ಟಿಕ್ ತಂಡ ಇಂಗ್ಲೆಂಡಿನ ಲ್ಯಾಂಕಶೈರ್‌ಗೆ ಬಂದು ಡಾರ್ವನ್ ಅನ್ನೋ ಸಣ್ಣ ಊರಿನ ಜೊತೆ ಆಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗ್ಲಾಸ್ಗೋಗೆ ಸಿಡಿಲು ಬಡಿಯಿತು. ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತು. ಆಗ ಷೇರುದಾರರ ಹೊಣೆಗೆ ಮಿತಿ ಇರಲಿಲ್ಲ. ಬ್ಯಾಂಕ್ ಮಾಡಿದ ಸಾಲಕ್ಕೆ ಅವರ ಮನೆಮಠ ಹೋಯಿತು. ಕಟ್ಟಡಗಳ ಕೆಲಸ ನಿಂತವು. ಕಟ್ಟಡ ನಿಂತರೆ ಕಲ್ಲುಕುಟಿಗನಿಗೆ ಏನು ಕೆಲಸ? ಆ ವರ್ಷದ ಕೊನೆಗೆ ಸೂಟರ್ ಡಾರ್ವನ್‌ಗೆ ಬಂದಿಳಿದ. ಅವನಿಗಿಂತ ಸ್ವಲ್ಪ ಮುಂಚೆ ಅದೇ ಪಾರ್ಟಿಕ್‌ನ ಜಿಮ್ಮಿ ಲವ್ ಬಂದಿದ್ದ.

ಡಾರ್ವನ್ ಅಂದ ಕೂಡಲೇ ನಿಮಗೆ ಗೊತ್ತಿಲ್ಲದ ಊರು ಅನ್ನಿಸಬಹುದು. ಗೊತ್ತು! ಗಾಂಧೀಜಿಯ ಆ ಫೋಟೋ ನೋಡಿದ್ದೀರಲ್ಲ, ಚಳಿಯಲ್ಲಿ ಶಾಲು ಹೊದ್ದು ನಿಂತ ಅವರ ಸುತ್ತ ಗಿರಣಿ ಹೆಂಗಸರು ಕೈ ಎತ್ತಿ ಜೈಕಾರ ಹಾಕುತ್ತಿರುವ ಫೋಟೋ? ಅದು ತೆಗೆದದ್ದು 1931ರ ಸೆಪ್ಟೆಂಬರ್‌ನಲ್ಲಿ, ಇದೇ ಡಾರ್ವನ್‌ನಲ್ಲಿ. ನಮ್ಮ ಸ್ವದೇಶಿ ಚಳವಳಿಯಿಂದ ಕೆಲಸ ಕಳಕೊಂಡ ನೇಕಾರರನ್ನು ಕಣ್ಣಾರೆ ಕಾಣಲು ಗಾಂಧೀಜಿ ಹೋಗಿದ್ದರು. ಯಾಕೆ ಕೆಲಸ ಹೋಯಿತು? ಯಾಕೆಂದರೆ ಡಾರ್ವನ್, ಪಕ್ಕದ ಬ್ಲ್ಯಾಕ್‌ಬರ್ನ್, ಇವೆಲ್ಲ ಹತ್ತಿ ಬಟ್ಟೆಯ ಊರುಗಳು. ಬ್ಲ್ಯಾಕ್‌ಬರ್ನ್ ಮಗ್ಗಗಳಲ್ಲಿ ನೇಯುತ್ತಿದ್ದ ಬಟ್ಟೆಗೆ ದೊಡ್ಡ ಗಿರಾಕಿ ನಮ್ಮ ಭಾರತ. ಪಂಚೆಯನ್ನೇ ಅಲ್ಲಿ ನೇಯ್ದು ಇಲ್ಲಿಗೆ ಕಳಿಸುತ್ತಿದ್ದರು. ಹಾಗಾದರೆ ಆ ಗಿರಣಿ ಊರುಗಳಲ್ಲಿ ಫುಟ್‌ಬಾಲ್ ನೋಡಲು ಬಾಗಿಲಲ್ಲಿ ಬಿದ್ದ ಕಾಸಿನಲ್ಲಿ, ಸ್ಕಾಟ್ ಆಟಗಾರನ ಜೇಬಿಗೆ ಗುಟ್ಟಾಗಿ ಹೋದ ಪೌಂಡಿನಲ್ಲಿ, ನಮ್ಮ ಮುತ್ತಜ್ಜಂದಿರು ಪಂಚೆಗೆ ಕೊಟ್ಟ ದುಡ್ಡಿನ ಒಂದು ಪಾಲೂ ಇತ್ತು ಅಂದರೆ ತಪ್ಪಾಗಲಾರದು.

ಆ ಗಿರಣಿ ಊರುಗಳಿಗೆ ಫುಟ್‌ಬಾಲ್ ಹುಚ್ಚು ಹತ್ತಲು ಇನ್ನೊಂದು ಕಾರಣ ಇದೆ. 1850ರ ಕಾರ್ಖಾನೆ ಕಾಯ್ದೆ ಬಂದ ಮೇಲೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಗಿರಣಿ ಬಂದ್. ಕೈಯಲ್ಲಿ ವಾರದ ಕೂಲಿ, ಮುಂದೆ ಅರ್ಧ ದಿನ ರಜೆ. ಜನ ಮೈದಾನಕ್ಕೆ ಬಂದರು. ಜನ ಬಂದಲ್ಲಿ ಟಿಕೆಟ್ ಬಂತು. ಟಿಕೆಟ್ ಬಂದಲ್ಲಿ ಗೆಲ್ಲಲೇಬೇಕು ಅನ್ನೋ ಹಟ ಬಂತು.

ಸೂಟರ್ ಡಾರ್ವನ್‌ಗೆ ಬಂದದ್ದು ಕಲ್ಲು ಕೆತ್ತಲು ಅಂತ ಹೆಸರಿಗೆ. ಮುಂದೆ ಎಷ್ಟೋ ವರ್ಷದ ಮೇಲೆ ಪತ್ರಿಕೆಯವರು ಕೇಳಿದಾಗ ಆತ ಹೇಳಿದ್ದಿಷ್ಟು: ಇಂಗ್ಲೆಂಡಿನ ಕಲ್ಲು ಗಟ್ಟಿ, ಕೆತ್ತಿ ಕೆತ್ತಿ ಕೈ ಊದಿಕೊಂಡಿತು, ಹಾಗಾಗಿ ಬಿಟ್ಟುಬಿಟ್ಟೆ. ಸಂಬಳ ಅಂತ ನಿಗದಿ ಇರಲಿಲ್ಲ. ಬೇಕಾದಾಗ ಕ್ಲಬ್ಬಿನ ಖಜಾಂಚಿಯನ್ನು ಕಂಡರೆ ಆಯಿತು. ಕೆಲವೊಮ್ಮೆ ತಿಂಗಳುಗಟ್ಟಲೆ ಕೇಳದೆ ಇದ್ದು, ಆಮೇಲೆ ಒಂದೇ ಸಲ ಹತ್ತು ಪೌಂಡ್ ತಗೊಳ್ಳೋದು. ಎಷ್ಟು ಸರಳ ನೋಡಿ. ರಸೀದಿ ಇಲ್ಲ, ಕರಾರು ಇಲ್ಲ. ಎಲ್ಲರಿಗೂ ಗೊತ್ತು, ಯಾರೂ ಹೇಳೋ ಹಾಗಿಲ್ಲ.

ಈಗ ಬನ್ನಿ, ಆ ಪಂದ್ಯಕ್ಕೆ. 1879ರ ಫೆಬ್ರವರಿ 13. ಎಫ್‌ಎ ಕಪ್ ಕ್ವಾರ್ಟರ್ ಫೈನಲ್. ಜಾಗ ಲಂಡನ್‌ನ ಕೆನ್ನಿಂಗ್ಟನ್ ಓವಲ್. ಒಂದು ಕಡೆ ಓಲ್ಡ್ ಇಟೋನಿಯನ್ಸ್, ಅಂದರೆ ಇಟನ್ ಶಾಲೆಯಲ್ಲಿ ಓದಿದ ಶ್ರೀಮಂತರ ಮಕ್ಕಳು. ಅವರಲ್ಲಿ ಒಬ್ಬ ಆರ್ಥರ್ ಕಿನ್ನೇರ್ಡ್, ಬ್ಯಾಂಕರ್ ಮನೆತನ, ಮುಂದೆ ಲಾರ್ಡ್ ಆದವನು. ಇನ್ನೊಂದು ಕಡೆ ಡಾರ್ವನ್‌ನ ಗಿರಣಿ ಹುಡುಗರು. ಅವತ್ತು ಯಾವ ವಾರ ಗೊತ್ತಾ? ಗುರುವಾರ! ಇಟನ್‌ನವರಿಗೆ ಗುರುವಾರ ಆದರೇನು, ಸೋಮವಾರ ಆದರೇನು? ಗಿರಣಿಯವನಿಗೆ ಗುರುವಾರ ರಜೆ ಹಾಕಿದರೆ ಕೂಲಿ ಖೋತಾ. ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಪ್ರಯಾಣದ ಖರ್ಚಿಗೆ ಊರವರು ಚಂದಾ ಎತ್ತಿ ಕಳಿಸಿದರು.

ಪಂದ್ಯ ಮುಗಿಯಲು ಸುಮಾರು ಕಾಲು ಗಂಟೆ ಇದ್ದಾಗ ಇಟನ್ 5, ಡಾರ್ವನ್ 1. ಮುಗೀತು ಅಂದುಕೊಂಡರು ಎಲ್ಲ. ಆ ಕಾಲು ಗಂಟೆಯಲ್ಲಿ ಡಾರ್ವನ್ ನಾಲ್ಕು ಗೋಲು ಹೊಡೆಯಿತು. 5-5! ಹೆಚ್ಚುವರಿ ಸಮಯ ಆಡೋಣ ಬನ್ನಿ ಅಂದರೆ ಇಟನ್‌ನವರು ಒಲ್ಲೆ ಅಂದರು. ಮರುಪಂದ್ಯ, ಅದೂ ಲಂಡನ್ನಿನಲ್ಲೇ. ಮತ್ತೆ ಪ್ರಯಾಣ, ಮತ್ತೆ ಕೂಲಿ ಖೋತಾ, 2-2. ಮೂರನೇ ಸಲ ಮತ್ತೆ ಲಂಡನ್. ದಣಿದು ಹೋದ ಡಾರ್ವನ್ 6-2ರಲ್ಲಿ ಸೋತಿತು. ಇಟನ್‌ನವರು ಆ ವರ್ಷದ ಕಪ್ಪನ್ನೂ ಗೆದ್ದರು.

ಈಗ ನೀವೇ ಹೇಳಿ, 'ನಾವು ಹಣಕ್ಕಾಗಿ ಆಡೋದಿಲ್ಲ, ಆಟದ ಪ್ರೀತಿಗಾಗಿ ಆಡ್ತೀವಿ' ಅಂತ ಯಾರು ಹೇಳಬಹುದು? ಹೊಟ್ಟೆ ತುಂಬಿದವನು ಹೇಳಬಹುದು. ಇವನಿಗೂ ಆಟದ ಮೇಲೆ ಪ್ರೀತಿ ಇದೆ. ಆದರೆ ಪ್ರೀತಿಗೆ ರೈಲು ಟಿಕೆಟ್ ಕೊಡೋರಿಲ್ಲ, ದಿನಗೂಲಿ ತುಂಬಿಕೊಡೋರಿಲ್ಲ.

ಹಾಗಂತ ನಮ್ಮ ಸೂಟರ್ ತ್ಯಾಗಮೂರ್ತಿ ಏನಲ್ಲ. 1880ರ ಬೇಸಿಗೆಯಲ್ಲಿ ಆತ ಡಾರ್ವನ್ ಬಿಟ್ಟ. ಹೋದದ್ದು ಎಲ್ಲಿಗೆ? ಎಂಟು ಕಿಲೋಮೀಟರ್ ಆಚೆಯ ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ. ಜನ್ಮವೈರಿಗಳ ಮನೆಗೆ! 100 ಪೌಂಡ್ ಕೈ ಸೇರಿದೆ ಅಂತ ಸುದ್ದಿ ಹಬ್ಬಿತು. ಚಂದಾ ಎತ್ತಿ ಲಂಡನ್‌ಗೆ ಕಳಿಸಿದ ಊರಿಗೆ ಹೇಗಾಗಿರಬೇಡ? ದ್ರೋಹಿ ಅಂದರು. ಅದೇ ನವೆಂಬರ್‌ನಲ್ಲಿ ಎರಡು ತಂಡಗಳು ಎದುರಾದಾಗ ಜನ ಮೈದಾನಕ್ಕೆ ನುಗ್ಗಿ ಪಂದ್ಯ ಅರ್ಧಕ್ಕೇ ನಿಂತಿತು. ಡಾರ್ವನ್ ಜನರ ಸಿಟ್ಟು ಸುಳ್ಳಲ್ಲ. ಆದರೆ ಒಂದು ಮಾತು. ಗ್ಲಾಸ್ಗೋದಿಂದ ಪಾರ್ಟಿಕ್ ಬಿಟ್ಟು ಬಂದಾಗ ಇದೇ ಡಾರ್ವನ್ ಚಪ್ಪಾಳೆ ತಟ್ಟಿತ್ತು. ನಮ್ಮೂರಿಗೆ ಬಂದರೆ ಪ್ರತಿಭೆ, ನಮ್ಮೂರು ಬಿಟ್ಟರೆ ದ್ರೋಹ. ನಮ್ಮಲ್ಲೂ ಹೀಗೇ ಅಲ್ವಾ?

ಬ್ಲ್ಯಾಕ್‌ಬರ್ನ್‌ನಲ್ಲಿ ಸೂಟರ್‌ನ ಒಳ್ಳೆಯ ದಿನಗಳು ಶುರುವಾದವು. 1882ರ ಮಾರ್ಚ್ 25ರಂದು ರೋವರ್ಸ್ ಎಫ್‌ಎ ಕಪ್ ಫೈನಲ್‌ಗೆ ಬಂತು. ಎದುರಿಗೆ ಮತ್ತೆ ಓಲ್ಡ್ ಇಟೋನಿಯನ್ಸ್, ಮತ್ತೆ ಕಿನ್ನೇರ್ಡ್. ಮತ್ತೆ ಸೋಲು, 1-0. ಗೆದ್ದ ಖುಷಿಗೆ ಕಿನ್ನೇರ್ಡ್ ಪೆವಿಲಿಯನ್ ಮುಂದೆ ತಲೆ ಕೆಳಗಾಗಿ ನಿಂತ. ಆಮೇಲೆ ಆ ವರ್ಗವೇ ತಲೆ ಕೆಳಗಾಯಿತು. ಮರುವರ್ಷ, 1883ರಲ್ಲಿ, ಅದೇ ಬ್ಲ್ಯಾಕ್‌ಬರ್ನ್‌ನ ಇನ್ನೊಂದು ಕ್ಲಬ್ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಕಾರ್ಮಿಕರ ತಂಡ, ಇಟನ್‌ನವರನ್ನು 2-1ರಲ್ಲಿ ಸೋಲಿಸಿತು. ಅಲ್ಲಿಂದ ಮುಂದೆ ಶ್ರೀಮಂತರ ಶಾಲೆಗಳ ತಂಡ ಆ ಕಪ್ಪನ್ನು ಗೆದ್ದದ್ದೇ ಇಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 2020ರಲ್ಲಿ ಬಂದ 'ದಿ ಇಂಗ್ಲಿಷ್ ಗೇಮ್' ಸರಣಿ ನೋಡಿದವರು ಇಲ್ಲಿ ಸ್ವಲ್ಪ ತಡೆಯಿರಿ. ಅದರಲ್ಲಿ ಆ ಗೆಲುವನ್ನು ಸೂಟರ್‌ಗೆ ಕೊಟ್ಟಿದ್ದಾರೆ. ಅದು ಕಥೆ. 1883ರಲ್ಲಿ ಗೆದ್ದದ್ದು ಒಲಿಂಪಿಕ್, ಸೂಟರ್ ಇದ್ದದ್ದು ರೋವರ್ಸ್‌ನಲ್ಲಿ.

ಆತನ ನಿಜವಾದ ಗೆಲುವು ಬಂದದ್ದು 1884ರಲ್ಲಿ. ಎದುರಾಳಿ ಯಾರು? ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್! ಆತನ ಹುಟ್ಟೂರಿನ ತಂಡ, ಸ್ಕಾಟ್ಲೆಂಡ್‌ನ ಪಾಸಿಂಗ್ ಆಟದ ಗುರುಮನೆ. ಜೊತೆಗೆ, ಹಣ ಮುಟ್ಟದ ವ್ರತ ಹಿಡಿದ ತಂಡ. ಆ ವ್ರತ ಅವರು ಬಿಟ್ಟದ್ದು 2019ರಲ್ಲಿ ನೋಡಿ! ರೋವರ್ಸ್ 2-1ರಲ್ಲಿ ಗೆದ್ದಿತು. 1885ರಲ್ಲಿ ಮತ್ತೆ ಕ್ವೀನ್ಸ್ ಪಾರ್ಕ್, 2-0. 1886ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಎದುರು ಮೊದಲು 0-0, ಡರ್ಬಿಯಲ್ಲಿ ನಡೆದ ಮರುಪಂದ್ಯದಲ್ಲಿ 2-0. ಸಾಲಾಗಿ ಮೂರು ಕಪ್. ಐದು ವರ್ಷದಲ್ಲಿ ನಾಲ್ಕು ಫೈನಲ್. ನಾಲ್ಕರಲ್ಲೂ ಹಿಂದೆ ಕಾವಲಿಗೆ ನಿಂತವನು ಸೂಟರ್.

ಗಮನಿಸಿ, ಇದರಲ್ಲಿ ಮೊದಲ ಎರಡು ಕಪ್ ಗೆದ್ದಾಗ ಹಣ ಪಡೆದು ಆಡೋದು ನಿಯಮ ಬಾಹಿರ. ಖರ್ಚು ಮತ್ತು ನಿಜವಾಗಿ ಕಳಕೊಂಡ ಕೂಲಿ ಬಿಟ್ಟು ಬೇರೆ ಏನೂ ಮುಟ್ಟಬಾರದು ಅಂತ 1882ರಲ್ಲೇ ಫುಟ್‌ಬಾಲ್ ಅಸೋಸಿಯೇಷನ್ ನಿಯಮ ಮಾಡಿತ್ತು. ಆದರೆ ಕ್ಲಬ್ಬುಗಳು ಏನು ಮಾಡಿದವು? ಗಿರಣಿಯಲ್ಲಿ ಹೆಸರಿಗೆ ಕೆಲಸ, ಹೆಂಡದಂಗಡಿಯ ಪರವಾನಗಿ, ಲೆಕ್ಕದ ಎರಡು ಪುಸ್ತಕ. 1884ರ ಆರಂಭದಲ್ಲಿ ಲಂಡನ್‌ನ ಅಪ್ಟನ್ ಪಾರ್ಕ್ ಕ್ಲಬ್ಬು ಪ್ರೆಸ್ಟನ್ ನಾರ್ತ್ ಎಂಡ್ ಮೇಲೆ ದೂರು ಕೊಟ್ಟಿತು. ಪ್ರೆಸ್ಟನ್ ಕ್ಲಬ್ ನಡೆಸುತ್ತಿದ್ದ ವಿಲಿಯಂ ಸುಡೆಲ್ ಏನಂದ ಗೊತ್ತಾ? ಹೌದು, ದುಡ್ಡು ಕೊಡ್ತೀವಿ, ಎಲ್ಲರೂ ಕೊಡ್ತಾರೆ ಅಂದುಬಿಟ್ಟ! ಪ್ರೆಸ್ಟನ್ ಅನ್ನು ಹೊರಗೆ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ ಉತ್ತರದ ಕ್ಲಬ್ಬುಗಳು ಒಟ್ಟಾಗಿ, ನಾವು ಬೇರೆ ಸಂಸ್ಥೆಯನ್ನೇ ಕಟ್ಟುತ್ತೇವೆ ಅಂತ ಬೆದರಿಕೆ ಹಾಕಿದವು.

ಕೊನೆಗೆ ಎಫ್‌ಎ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್‌ನಂಥವರು ವ್ಯಾವಹಾರಿಕವಾಗಿ ಯೋಚಿಸಿದರು. ಆಲ್ಕಾಕ್ ಸರ್ರೆ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಕ್ರಿಕೆಟ್‌ನಲ್ಲಿ ಸಂಬಳದ ಆಟಗಾರರು ಆಗಲೇ ಇದ್ದರು, ಆಕಾಶ ಕಳಚಿ ಬಿದ್ದಿರಲಿಲ್ಲ. 1885ರ ಜುಲೈ 20ರಂದು ಲಂಡನ್‌ನ ಫ್ಲೀಟ್ ಸ್ಟ್ರೀಟ್‌ನ ಹೋಟೆಲ್ ಒಂದರಲ್ಲಿ ಸಭೆ ಸೇರಿ ವೃತ್ತಿಪರ ಆಟಕ್ಕೆ ಒಪ್ಪಿಗೆ ಕೊಟ್ಟರು. ಷರತ್ತು ಹಾಕಿದರು, ನಿಜ. ಕಪ್ ಪಂದ್ಯ ಆಡಬೇಕಾದರೆ ಕ್ಲಬ್ಬಿನ ಮೈದಾನದಿಂದ ಆರು ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲ ಎರಡು ವರ್ಷ ವಾಸ ಇರಬೇಕು ಅಂತ. ಆದರೂ ಬಾಗಿಲು ತೆರೆಯಿತು. ಸೂಟರ್ ಗೆದ್ದ ಮೂರನೇ ಕಪ್ಪು, ಆತ ತಲೆ ಎತ್ತಿಕೊಂಡು, ಕಾನೂನಿನ ಪ್ರಕಾರ ಕೂಲಿ ಪಡೆದು ಗೆದ್ದ ಕಪ್ಪು.

ತವರುಮನೆ ಮಾತ್ರ ಕ್ಷಮಿಸಲಿಲ್ಲ. ಸ್ಕಾಟ್ಲೆಂಡ್ ವೃತ್ತಿಪರ ಆಟವನ್ನು ಒಪ್ಪಿದ್ದು 1893ರಲ್ಲಿ. ಇಂಗ್ಲೆಂಡಿನಲ್ಲಿ ಆಡುವ ಸ್ಕಾಟ್‌ಗಳನ್ನು ದೇಶದ ತಂಡಕ್ಕೆ ಸೇರಿಸಿಕೊಂಡದ್ದು 1896ರಲ್ಲಿ. ಆ ಹೊತ್ತಿಗೆ ಸೂಟರ್‌ನ ಆಟ ಮುಗಿದಿತ್ತು. ಮೂರು ಕಪ್ ಗೆದ್ದವನು ಸ್ಕಾಟ್ಲೆಂಡ್ ಪರ ಒಂದೇ ಒಂದು ಪಂದ್ಯ ಆಡಲಿಲ್ಲ. ಗೆಳೆಯ ಜಿಮ್ಮಿ ಲವ್ ಕಥೆ ಇನ್ನೂ ಬೇಗ ಮುಗಿದಿತ್ತು. ಆತ ರಾಯಲ್ ಮರೀನ್ಸ್ ಸೇರಿ, 1882ರಲ್ಲಿ ಈಜಿಪ್ಟಿನಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದ.

1888ರಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಶುರುವಾಯಿತು, ಜಗತ್ತಿನ ಮೊದಲ ಲೀಗ್. ಆಟಗಾರರಿಗೆ ಸಂಬಳ ಕೊಡಬೇಕಲ್ಲ, ಖಾತರಿಯಾಗಿ ಪಂದ್ಯಗಳು ಬೇಕಲ್ಲ, ಅದಕ್ಕೇ ಹುಟ್ಟಿದ್ದು. ಅಂದರೆ ಸೂಟರ್‌ನಂಥವರ ಕೂಲಿಯಿಂದಲೇ ಲೀಗ್ ಬಂತು. ಆ ಲೀಗ್‌ನಲ್ಲಿ ಸೂಟರ್ ಆಡಿದ್ದು ಎಷ್ಟು ಪಂದ್ಯ? ಒಂದೇ ಒಂದು. 1888ರ ಡಿಸೆಂಬರ್‌ನಲ್ಲಿ, ವೆಸ್ಟ್ ಬ್ರಾಮ್‌ವಿಚ್ ಎದುರು. ಅದೂ ಡಿಫೆಂಡರ್ ಆಗಿ ಅಲ್ಲ, ಗೋಲ್‌ಕೀಪರ್ ಬಾರದ್ದಕ್ಕೆ ಬದಲಿ ಗೋಲ್‌ಕೀಪರ್ ಆಗಿ. ಮನೆ ಕಟ್ಟಿದ ಕಲ್ಲುಕುಟಿಗನಿಗೆ ಆ ಮನೆಯಲ್ಲಿ ಸಿಕ್ಕದ್ದು ಒಂದು ಮಧ್ಯಾಹ್ನ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ. 1880ರಲ್ಲಿ ಸೂಟರ್ ಮಾಡಿದ್ದೇನು? ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ತನ್ನ ಕಾಲಲ್ಲಿ ನಡೆದುಕೊಂಡು ಹೋದ. ಯಾರ ಅನುಮತಿಯೂ ಬೇಕಿರಲಿಲ್ಲ. ಕೂಲಿ ಕಾನೂನುಬದ್ಧ ಆದ ಮೇಲೆ ಏನಾಯಿತು? 1893ರಿಂದ ಲೀಗ್ ಕ್ಲಬ್ಬುಗಳು ಒಂದು ವ್ಯವಸ್ಥೆ ತಂದವು. ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲಿ. ಕರಾರು ಮುಗಿದರೂ ಕ್ಲಬ್ ಬಿಡದೆ ಆತ ಬೇರೆ ಕಡೆ ಹೋಗುವಂತಿಲ್ಲ. ಅದರ ಹೆಸರು 'ರಿಟೈನ್'. ಆರ್‌ಸಿಬಿ ಅಭಿಮಾನಿಗಳಿಗೆ ಈ ಪದ ಚೆನ್ನಾಗಿ ಗೊತ್ತು! 1901ರಲ್ಲಿ ಇನ್ನೊಂದು ಬೀಗ ಬಿತ್ತು: ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 4 ಪೌಂಡ್ ಮೀರಬಾರದು. ಆ ಸಂಬಳದ ಮಿತಿ ತೆಗೆದದ್ದು 1961ರಲ್ಲಿ, ಆಟಗಾರರು ಮುಷ್ಕರದ ಬೆದರಿಕೆ ಹಾಕಿದ ಮೇಲೆ. ಕರಾರು ಮುಗಿದವನು ಕ್ಲಬ್ಬಿಗೆ ಬಿಡಿಗಾಸು ಕಟ್ಟಿಸದೆ ಹೋಗಬಹುದು ಅಂತ ಯುರೋಪಿನ ನ್ಯಾಯಾಲಯ ಹೇಳಿದ್ದು 1995ರಲ್ಲಿ, ಬೋಸ್ಮನ್ ಅನ್ನೋ ಬೆಲ್ಜಿಯಂ ಆಟಗಾರನ ಮೊಕದ್ದಮೆಯಲ್ಲಿ.

ಲೆಕ್ಕ ಹಾಕಿ. 1880ರಿಂದ 1995, 115 ವರ್ಷ. ಒಬ್ಬ ಕಲ್ಲುಕುಟಿಗನ ಕೈಯಲ್ಲಿ ಸುಮ್ಮನೆ ಇದ್ದ ಸ್ವಾತಂತ್ರ್ಯವನ್ನು ಮರಳಿ ಪಡೆಯಲು ಅಷ್ಟು ವರ್ಷ ಬೇಕಾಯಿತು. ನ್ಯಾಯವಾದ ಕೂಲಿಯನ್ನು ಕೊಡುವ ಕೈಯೇ ಕೊರಳಿಗೆ ಹಗ್ಗವನ್ನೂ ಹಾಕುತ್ತದೆ. ಆಟಗಾರನಿಗೆ ಮಾತ್ರ ಈ ಮಾತಲ್ಲ. ಬಾಂಡ್ ಬರೆಸಿಕೊಂಡು ಕೆಲಸ ಕೊಡುವ ಕಂಪನಿಯಲ್ಲಿ ಕೂತು ಈ ಕಾರ್ಯಕ್ರಮ ನೋಡುತ್ತಿರುವ ಹುಡುಗ ಹುಡುಗಿಯರಿಗೂ ಅನ್ವಯಿಸುತ್ತದೆ. ಸಂಬಳದ ಅಂಕಿ ನೋಡುವಾಗ, ಬಿಟ್ಟು ಹೋಗುವ ಷರತ್ತನ್ನೂ ಓದಿ.

ಊರುಗಳ ಕಥೆ ಏನಾಯಿತು ಅಂತ ಕೇಳ್ತೀರಾ? ಡಾರ್ವನ್ 1891ರಲ್ಲಿ ಲೀಗ್ ಸೇರಿತು. 1892ರಲ್ಲಿ ಒಂದೇ ಪಂದ್ಯದಲ್ಲಿ 12-0 ಅಂತರದಲ್ಲಿ ಸೋತಿತು. 1899ರಲ್ಲಿ ಲೀಗ್‌ನಿಂದ ಹೊರಬಿತ್ತು. ದುಡ್ಡು ಕೊಟ್ಟು ಉಳಿಸಿಕೊಳ್ಳಲಾಗದ ಸಣ್ಣ ಊರಿನ ಪಾಡು ಅದು. ಸೂಟರ್ ಗೆದ್ದಾಗ ನಾವು ಚಪ್ಪಾಳೆ ತಟ್ಟುವುದಾದರೆ, ಡಾರ್ವನ್‌ನ ನೋವನ್ನೂ ಒಪ್ಪಿಕೊಳ್ಳಬೇಕು. ಬ್ಲ್ಯಾಕ್‌ಬರ್ನ್ ರೋವರ್ಸ್ ಉಳಿಯಿತು. 2010ರಲ್ಲಿ ಆ ಕ್ಲಬ್ಬನ್ನು ಕೊಂಡದ್ದು ಯಾರು ಗೊತ್ತಾ? ಪುಣೆಯ ಕೋಳಿ ಉದ್ಯಮದ ವೆಂಕೀಸ್ ಸಂಸ್ಥೆ. ಒಂದು ಕಾಲದಲ್ಲಿ ನಮಗೆ ಪಂಚೆ ಮಾರಿದ ಊರಿನ ಕ್ಲಬ್ಬಿಗೆ ಈಗ ನಮ್ಮ ದೇಶದವರೇ ಯಜಮಾನರು!

ಇನ್ನು ಸೂಟರ್. ಆಟ ಬಿಟ್ಟ ಮೇಲೆ ಆತ ಮರಳಿ ಹೋದದ್ದು ಯಾವ ಊರಿಗೆ ಅಂದುಕೊಂಡಿರಿ? ದ್ರೋಹಿ ಅಂತ ಕೂಗಿದ ಅದೇ ಡಾರ್ವನ್‌ಗೆ. ಅಲ್ಲಿ ಹೋಟೆಲ್ ನಡೆಸಿದ. ಬಂದವರು ಹಳೆಯ ಜಗಳ ತೆಗೆದಿರಬಹುದು, ಒಂದು ಗ್ಲಾಸ್ ಬಿಯರ್ ಮುಂದೆ ಮರೆತೂ ಇರಬಹುದು. 1916ರ ಜುಲೈ 31ರಂದು ಬ್ಲ್ಯಾಕ್‌ಪೂಲ್‌ನಲ್ಲಿ ತೀರಿಕೊಂಡಾಗ ಆತನಿಗೆ 58 ವರ್ಷ. ಜಗತ್ತು ಮೊದಲ ಮಹಾಯುದ್ಧದಲ್ಲಿ ಮುಳುಗಿತ್ತು. ಒಬ್ಬ ಹಳೆಯ ಫುಲ್‌ಬ್ಯಾಕ್ ಸತ್ತದ್ದು ಆಗ ದೊಡ್ಡ ಸುದ್ದಿ ಆಗುವ ಕಾಲ ಅಲ್ಲ. ಸುದ್ದಿ ಮಾಡೋರು ನಾವು, ಸ್ವಲ್ಪ ತಡವಾಗಿ ಆದರೂ ಇವತ್ತು ಮಾಡಿದ್ದೀವಿ.